ಊತ ಬರುವ ಮೊದಲೇ ಕೀಲುವಾತದ ಸುಳಿವು ಹಿಡಿಯೋದು: ನನ್ನ ಅನುಭವ

ಕೀಲುನೋವು ಅಂತ ನನ್ನ ಹತ್ತಿರ ಬರುವ ಹೆಚ್ಚಿನವರ ಕೈಯಲ್ಲಿ ಆಗಲೇ ಒಂದು ರಿಪೋರ್ಟ್ ಇರುತ್ತದೆ. ಆರ್‌ಎ ಫ್ಯಾಕ್ಟರ್, ಎಎಸ್‌ಒ, ಯೂರಿಕ್ ಆಸಿಡ್, ಇಎಸ್‌ಆರ್ ಎಲ್ಲ ಸೇರಿಸಿ ಲ್ಯಾಬ್‌ನಲ್ಲಿ ಮಾಡಿಸಿದ ರಕ್ತ ಪರೀಕ್ಷೆಗಳದ್ದು. ಅದರಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ ಬಂದಿದ್ದರೆ ಸಾಕು, ಮನೆಯವರೆಲ್ಲ ಗಾಬರಿ. "ಡಾಕ್ಟ್ರೇ, ಪಾಸಿಟಿವ್ ಬಂದಿದೆ. ಕೈಕಾಲು ಸೊಟ್ಟ ಆಗುತ್ತಾ?" ಅಂತ ಕೇಳುತ್ತಾರೆ. ನಾನು ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ಅವರ ಬೆಳಗಿನ ಕಥೆ ಕೇಳುತ್ತೇನೆ.

ಕೀಲು ಊದಿಕೊಂಡ ಮೇಲೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಉರಿಯೂತ ತರುವ ಕೀಲುವಾತ) ಅಂತ ಗುರುತಿಸೋದು ಅಷ್ಟೇನೂ ಕಷ್ಟ ಅಲ್ಲ. ಊತ ಇಲ್ಲ, ಬರೀ ನೋವು ಇದೆ ಅನ್ನುವವರದ್ದೇ ತಲೆನೋವು. ಅವರಲ್ಲಿ ಯಾರಿಗೆ ಮುಂದೆ ಕಾಯಿಲೆ ಬರುತ್ತದೆ, ಯಾರಿಗೆ ಇಲ್ಲ ಅಂತ ಹೇಗೆ ಹೇಳೋದು?

ಬೆಳಿಗ್ಗೆ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂತ ನೇರ ಕೇಳಿದರೆ ಸರಿಯಾದ ಉತ್ತರ ಸಿಗೋದಿಲ್ಲ. "ತುಂಬಾ ಹೊತ್ತು" ಅಂತಾರೆ, ಇಲ್ಲ "ಸ್ವಲ್ಪ" ಅಂತಾರೆ. ಗಡಿಯಾರ ನೋಡಿಕೊಂಡು ಯಾರು ನರಳುತ್ತಾರೆ? ಅದಕ್ಕೆ ನಾನು ಕೆಲಸದ ಲೆಕ್ಕದಲ್ಲಿ ಕೇಳುತ್ತೇನೆ. ಎಷ್ಟಕ್ಕೆ ಏಳ್ತೀರಿ, ಹಾಲಿನ ಪ್ಯಾಕೆಟ್ ಹೇಗೆ ಕತ್ತರಿಸ್ತೀರಿ, ರಂಗೋಲಿ ಎಳೆಯೋಕೆ ಬೆರಳು ಸೇರುತ್ತಾ, ಚಪಾತಿ ಹಿಟ್ಟು ಯಾರು ನಾದ್ತಾರೆ? ಒಬ್ಬ ಹೆಣ್ಣುಮಗಳು ಹೇಳಿದ್ದು ಹೀಗೆ: "ಹಾಲಿನ ಪ್ಯಾಕೆಟ್ ಹಲ್ಲಲ್ಲೇ ಕಚ್ಚಿ ಹರಿಯೋದು ಸಾರ್. ಹಿಟ್ಟು ಮಗಳು ನಾದ್ತಾಳೆ. ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಬಟ್ಟೆ ಮಾತ್ರ ನಾನೇ ಹಿಂಡ್ತೀನಿ, ಅಷ್ಟೊತ್ತಿಗೆ ಕೈ ಬಿಟ್ಟಿರುತ್ತೆ." ಐದೂವರೆಗೆ ಎದ್ದವರಿಗೆ ಒಂಬತ್ತರ ಹೊತ್ತಿಗೆ ಕೈ ಸಡಿಲ ಆಗುತ್ತೆ ಅಂದರೆ ಮೂರೂವರೆ ಗಂಟೆಯ ಬಿಗಿತ. ವಯಸ್ಸಾಗಿ ಕೀಲು ಸವೆದು ಬರುವ ನೋವು ಇದಕ್ಕೆ ಉಲ್ಟಾ. ಬೆಳಿಗ್ಗೆ ಕೈ ಬೇಗ ಬಿಡುತ್ತದೆ, ಕೆಲಸ ಮಾಡಿದಷ್ಟೂ ಸಂಜೆಗೆ ನೋವು ಜಾಸ್ತಿ.

ಆಮೇಲೆ ಕೈ ನೋಡೋದು. ಮುಷ್ಟಿ ಕಟ್ಟಿಸುತ್ತೇನೆ, ಉಗುರಿನ ತುದಿ ಅಂಗೈಯೊಳಗೆ ಪೂರ್ತಿ ಮುಚ್ಚಿಕೊಳ್ಳಬೇಕು. ನಂತರ ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಹಿಡಿದು ಒಟ್ಟಿಗೆ ಮೆಲ್ಲಗೆ ಅಮುಕುತ್ತೇನೆ. ಆಗ ನನ್ನ ಕಣ್ಣು ಅವರ ಮುಖದ ಮೇಲಿರುತ್ತದೆ. ನೋವಿದ್ದರೆ ಬಾಯಿ ಬಿಡೋ ಮೊದಲೇ ಹುಬ್ಬು ಗಂಟಿಕ್ಕುತ್ತದೆ. ಕಾಲುಬೆರಳ ಬುಡವನ್ನೂ ಹಾಗೇ ಅಮುಕಿ ನೋಡಬೇಕು. ಚಪ್ಪಲಿ ಇಲ್ಲದೆ ಬಚ್ಚಲಿಗೆ ಹೋದರೆ ಜಲ್ಲಿ ಮೇಲೆ ನಡೆದ ಹಾಗೆ ಆಗುತ್ತೆ ಅಂತ ಎಷ್ಟೋ ಜನ ಹೇಳುತ್ತಾರೆ, ಕೇಳಿದರೆ ಮಾತ್ರ.

ಇದೆಲ್ಲ ನನ್ನ ಸ್ವಂತ ಕಂಡುಹಿಡಿತ ಏನಲ್ಲ. ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟ ಯೂಲಾರ್ 2017ರಲ್ಲಿ ಏಳು ಅಂಶಗಳನ್ನು ಹೇಳಿತು. ನೋವು ಶುರುವಾಗಿ ಒಂದು ವರ್ಷದೊಳಗಿರಬೇಕು. ಬೆರಳ ಬುಡದ ಕೀಲುಗಳಲ್ಲಿ ತೊಂದರೆ, ಒಂದು ಗಂಟೆ ಅಥವಾ ಜಾಸ್ತಿ ಬೆಳಗಿನ ಬಿಗಿತ, ಬೆಳಗಿನ ಜಾವದಲ್ಲೇ ಹೆಚ್ಚು ಬಾಧೆ, ತಂದೆತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಈ ಕಾಯಿಲೆ, ಮುಷ್ಟಿ ಕಟ್ಟೋಕೆ ಕಷ್ಟ, ಅಮುಕಿದರೆ ನೋವು. ನೋವಿಗೆ ಬೇರೆ ಕಾರಣ ಕಾಣದೆ ನಮಗೆ ಅನುಮಾನ ಬಂದವರಲ್ಲಿ ಮಾತ್ರ ಇದನ್ನು ಲೆಕ್ಕ ಹಾಕೋದು. ಮೂರು ಇದ್ದರೆ ಕಣ್ಣಿಡಬೇಕು, ನಾಲ್ಕು ಇದ್ದರೆ ಅನುಮಾನ ಇನ್ನೂ ಗಟ್ಟಿ. ಈ ಏಳರಲ್ಲಿ ಒಂದೂ ರಕ್ತ ಪರೀಕ್ಷೆ ಇಲ್ಲ, ಗಮನಿಸಿದಿರಾ?

ಮನೆಯಲ್ಲಿ ಯಾರಿಗಾದರೂ ಇತ್ತಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅಜ್ಜಿಯ ಮಂಡಿನೋವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಹಾಗಾಗಿ ಅಮ್ಮನ ಬೆರಳು ಸೊಟ್ಟ ಆಗಿತ್ತಾ, ಈ ಕಾಯಿಲೆಗೆ ವಾರಕ್ಕೊಂದು ದಿನ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆ ಇತ್ತಾ ಅಂತ ಕೇಳಬೇಕು.

ನಮ್ಮ ಕಡೆ ಇನ್ನೊಂದು ತೊಡಕು ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದ ಊರೂರಿಗೆ ನುಗ್ಗಿದ ಮೇಲೆ ಅದು ನಮ್ಮನ್ನು ಬಿಟ್ಟು ಹೋಗಿಲ್ಲ. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಬೆಳಿಗ್ಗೆ ಕೈ ಹಿಡಿಯುತ್ತದೆ, ಗೆಣ್ಣು ನೋಯುತ್ತದೆ, ಥೇಟ್ ರುಮಟಾಯ್ಡ್ ಥರಾನೇ. ನೋವು ಶುರುವಾಗೋ ಮೊದಲು ಜ್ವರ, ಮೈಮೇಲೆ ಗುಳ್ಳೆ ಬಂದಿತ್ತಾ, ಅಕ್ಕಪಕ್ಕದ ಮನೆಗಳಲ್ಲೂ ಹೀಗೇ ಆಗಿತ್ತಾ ಅಂತ ಕೇಳದೆ ಮುಂದೆ ಹೋಗಬಾರದು. ಇವರಲ್ಲಿ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ.

ಇಷ್ಟಾದ ಮೇಲೆ ರಿಪೋರ್ಟ್. ಆರ್‌ಎ ಫ್ಯಾಕ್ಟರ್ ಆರೋಗ್ಯವಂತರಲ್ಲೂ, ವಯಸ್ಸಾದವರಲ್ಲೂ, ಹೆಪಟೈಟಿಸ್ ಸಿ ಇದ್ದವರಲ್ಲೂ ಪಾಸಿಟಿವ್ ಬರಬಹುದು. ರಕ್ತ ಕಮ್ಮಿ ಇರುವ ನಮ್ಮ ಹೆಂಗಸರಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಸುಮ್ನೆ ಏರಿರುತ್ತದೆ. ನಾನು ಜಾಸ್ತಿ ನಂಬೋದು ಆ್ಯಂಟಿ ಸಿಸಿಪಿಯನ್ನು, ಅಂದರೆ ರುಮಟಾಯ್ಡ್‌ನಲ್ಲಿ ರಕ್ತದಲ್ಲಿ ಕಾಣುವ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನು. ನೆದರ್‌ಲ್ಯಾಂಡ್ಸ್‌ನಲ್ಲಿ ಹಿಂದೆ ರಕ್ತದಾನ ಮಾಡಿ, ಆಮೇಲೆ ರುಮಟಾಯ್ಡ್ ಬಂದವರ ಹಳೆಯ ಸ್ಯಾಂಪಲ್‌ಗಳನ್ನು ತೆಗೆದು ನೋಡಿದರು. 2004ರಲ್ಲಿ ಅದು ಪ್ರಕಟವಾಯಿತು. ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಈ ಎರಡರಲ್ಲಿ ಕನಿಷ್ಠ ಒಂದು, ನೋವು ಶುರುವಾಗೋಕೆ ಮೊದಲೇ, ಕೆಲವರಲ್ಲಿ ಎಷ್ಟೋ ವರ್ಷ ಮೊದಲೇ, ರಕ್ತದಲ್ಲಿತ್ತು. ಹಾಗಂತ ಸಿಸಿಪಿ ನೆಗೆಟಿವ್ ಬಂದರೆ ನಿಶ್ಚಿಂತೆ ಅಂತಲೂ ಅಲ್ಲ, ಅಂಥವರಿಗೂ ಕಾಯಿಲೆ ಬರುತ್ತದೆ. ಕೈ ಹೇಳೋದೂ ಸಿಸಿಪಿ ಹೇಳೋದೂ ಒಂದೇ ಆದರೆ ಅಲ್ಟ್ರಾಸೌಂಡ್ ಮಾಡಿಸುತ್ತೇನೆ. ಹೊರಗೆ ಕಾಣದ ಉರಿಯೂತ ಅದರ ಡಾಪ್ಲರ್‌ನಲ್ಲಿ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಕೆಂಪು ಚುಕ್ಕೆಗಳಾಗಿ ಕಾಣುತ್ತದೆ.

"ಹಾಗಾದರೆ ಈಗಲೇ ಮಾತ್ರೆ ಶುರು ಮಾಡಿಬಿಡಿ" ಅನ್ನುತ್ತಾರೆ. ನನ್ನ ಉತ್ತರ ಸಾಮಾನ್ಯವಾಗಿ ಬೇಡ ಅಂತ. ನೆದರ್‌ಲ್ಯಾಂಡ್ಸ್‌ನವರೇ ಇಂಥವರಿಗೆ ಒಂದು ವರ್ಷ ಮೆಥೋಟ್ರೆಕ್ಸೇಟ್ ಕೊಟ್ಟು ನೋಡಿದರು, 2022ರಲ್ಲಿ ಫಲಿತಾಂಶ ಬಂತು. ನೋವು, ಬಿಗಿತ ಕಮ್ಮಿಯಾಯಿತು. ಆದರೆ ಎರಡು ವರ್ಷದ ಕೊನೆಗೆ ಮಾತ್ರೆ ತಿಂದವರಲ್ಲೂ ತಿನ್ನದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಕಾಯಿಲೆ ಬಂದೇ ಬಂತು. ರೋಗನಿರೋಧಕ ಶಕ್ತಿಯ ದಾಳಿಯನ್ನು ತಗ್ಗಿಸುವ ಅಬಟಾಸೆಪ್ಟ್ ಇಂಜೆಕ್ಷನ್ ಸ್ವಲ್ಪ ವಾಸಿ. 2024ರ ವರದಿಯಲ್ಲಿ ಎರಡು ವರ್ಷಕ್ಕೆ ಶೇ 25 ಜನರಿಗೆ ಕಾಯಿಲೆ ಬಂದಿತ್ತು, ಔಷಧ ಇಲ್ಲದ ಇಂಜೆಕ್ಷನ್ ಪಡೆದವರಲ್ಲಿ ಶೇ 37. ಆದರೆ ಅದು ವರ್ಷಪೂರ್ತಿ ವಾರವಾರ ಚುಚ್ಚಿಸಿಕೊಳ್ಳುವ ದುಬಾರಿ ಇಂಜೆಕ್ಷನ್. ಕಾಯಿಲೆ ಬರದೇ ಹೋಗಬಹುದಾದ ಇಷ್ಟೊಂದು ಜನರಿಗೆ ಅದನ್ನು ಕೊಡೋಕೆ ನನಗೆ ಮನಸ್ಸು ಒಪ್ಪೋದಿಲ್ಲ.

ಬೀಡಿ, ಸಿಗರೇಟು ಬಿಡಿ ಅಂತ ಮಾತ್ರ ಕಡ್ಡಾಯವಾಗಿ ಹೇಳುತ್ತೇನೆ. ವಸಡಿನ ಕಾಯಿಲೆಗೂ ಇದಕ್ಕೂ ನಂಟಿರೋದರಿಂದ ವಸಡು ತೋರಿಸಿಕೊಳ್ಳಿ ಅಂತಲೂ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಂದು ಕೈ ತೋರಿಸಬೇಕು. ಊತ ಕಂಡರೆ ಅವತ್ತೇ ಬೆಳಿಗ್ಗೆ ಎರಡೂ ಕೈ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ವಾಟ್ಸಾಪ್ ಮಾಡಬೇಕು. ಮಧ್ಯಾಹ್ನ ನನ್ನ ಮುಂದೆ ಕೂರೋ ಹೊತ್ತಿಗೆ ಅದು ಇಳಿದಿರಬಹುದು. ಉಂಗುರ ಇದ್ದಕ್ಕಿದ್ದಂತೆ ಬಿಗಿಯಾದರೂ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ಮಾತ್ರ ನುಂಗಲೇಬಾರದು. ಎರಡೇ ದಿನದಲ್ಲಿ ಕೈ ಹಗುರ ಆಗುತ್ತೆ ನಿಜ, ಆದರೆ ನಾನು ಹುಡುಕುತ್ತಿರೋ ಊತವೂ ಅದರ ಜೊತೆಗೇ ಅಡಗಿಬಿಡುತ್ತದೆ.