ನ್ಯೂಜೆರ್ಸಿಯ ಕಡಲಿಗೆ ಮೊದಲ ಫ್ಲೈ ಗಾಳ: 400 ಡಾಲರಿನೊಳಗೆ ಆಯ್ದುಕೊಳ್ಳುವುದು ಹೇಗೆ?

ಅಮೆರಿಕದ ನ್ಯೂಜೆರ್ಸಿಯಲ್ಲಿ ಎಡಿಸನ್, ಪಿಸ್ಕ್ಯಾಟವೇ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ರಾರಿಟನ್ ಕೊಲ್ಲಿಯ ದಡ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ಹಾದಿ. ಮೈಮೇಲೆ ಉದ್ದುದ್ದ ಕಪ್ಪು ಗೆರೆಗಳಿರುವ ಸ್ಟ್ರೈಪ್ಡ್ ಬಾಸ್ ಮೀನುಗಳು ವಸಂತದಲ್ಲಿ ಹಡ್ಸನ್ ನದಿಗೆ ಮೊಟ್ಟೆಯಿಡಲು ಹೋಗುವಾಗ ಈ ಕೊಲ್ಲಿಯಲ್ಲಿ ತಂಗುತ್ತವೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದಕ್ಷಿಣದತ್ತ ಹೊರಟಾಗ ಸ್ಯಾಂಡಿ ಹುಕ್‌ನಿಂದ ಐಲೆಂಡ್ ಬೀಚ್ ಸ್ಟೇಟ್ ಪಾರ್ಕ್‌ವರೆಗಿನ ಮರಳ ದಂಡೆಯ ಉದ್ದಕ್ಕೂ ಅವು ಸಣ್ಣ ಮೀನುಗಳನ್ನು ಬೆನ್ನಟ್ಟುತ್ತ ದಡದ ತೀರ ಹತ್ತಿರಕ್ಕೆ ಬರುತ್ತವೆ. ದೋಣಿಯಿಲ್ಲದೆ, ನಿಂತ ನೆಲದಿಂದಲೇ ಫ್ಲೈ ಗಾಳ (ಕೊಕ್ಕೆಗೆ ಗರಿ, ಕೂದಲು ಕಟ್ಟಿದ ಹಗುರ ಗಾಳ) ಎಸೆದು ಹಿಡಿಯಬಹುದಾದ ಕಡಲ ಮೀನುಗಳಲ್ಲಿ ಇಷ್ಟು ಸುಲಭವಾಗಿ ಕೈಗೆಟಕುವಂಥವು ಕಡಿಮೆ.

ಆದರೆ ಅಂಗಡಿಗೆ ಹೋದ ಹೊಸಬರನ್ನು ಬೆಲೆಗಳು ಹಿಂದೆ ಸರಿಯುವಂತೆ ಮಾಡುತ್ತವೆ. ಮೇಲ್ದರ್ಜೆಯ ಉಪ್ಪುನೀರಿನ ರಾಡ್, ಅಂದರೆ ಗಾಳದ ಕೋಲು, ಒಂದಕ್ಕೇ ಸಾವಿರ ಡಾಲರಿನ ಆಸುಪಾಸು ಬೆಲೆಯಿದೆ. ಈ ಮೀನಿಗೆ ಅಷ್ಟೊಂದು ಖರ್ಚು ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಣವನ್ನು ಮೊದಲು ಲೈನಿಗೆ (ಎಸೆಯುವ ದಾರ), ಆಮೇಲೆ ರಾಡಿಗೆ, ಕೊನೆಯಲ್ಲಿ ರೀಲಿಗೆ (ದಾರ ಸುತ್ತುವ ಚಕ್ರ) ಹಂಚಿದರೆ 400 ಡಾಲರಿನೊಳಗೆ ವರ್ಷಗಟ್ಟಲೆ ಬಾಳುವ ಸಲಕರಣೆ ಸಿದ್ಧವಾಗುತ್ತದೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ಹೊಳೆಯುವ ರೀಲಿಗೆ ಮೊದಲು ಮನಸೋಲುತ್ತಾರೆ.

ಮೊದಲು ಸಂಖ್ಯೆ ನಿರ್ಧರಿಸಿ

ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಸುತ್ತಿದ ಗರಿ ಮತ್ತು ಕೂದಲಿನ ಕಟ್ಟು. ಅದಕ್ಕೆ ತನ್ನದೇ ಆದ ತೂಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ಲಾಸ್ಟಿಕ್ ಲೇಪವಿರುವ ದಪ್ಪ ಲೈನ್ ತನ್ನ ಭಾರದಿಂದ ರಾಡನ್ನು ಬಗ್ಗಿಸಿ, ಫ್ಲೈಯನ್ನು ಹೊತ್ತೊಯ್ಯುತ್ತದೆ. ಈ ಭಾರಕ್ಕೆ ಒಂದು ಸಂಖ್ಯೆ ಕೊಟ್ಟಿದ್ದಾರೆ. 8ನೇ ಸಂಖ್ಯೆಯ ಲೈನ್ ಎಂದರೆ ಅದರ ಮೊದಲ 30 ಅಡಿ ಸುಮಾರು 210 ಗ್ರೇನ್, ಅಂದರೆ 13.6 ಗ್ರಾಂ ತೂಗಬೇಕು. ರಾಡಿನ ಹಿಡಿಯ ಮೇಲೂ ಇದೇ ಸಂಖ್ಯೆ ಬರೆದಿರುತ್ತದೆ, ಎರಡೂ ಹೊಂದಿಕೆಯಾಗಬೇಕು.

ರಾರಿಟನ್ ಕೊಲ್ಲಿ ಅಥವಾ ಬಾರ್ನಿಗಟ್ ಕೊಲ್ಲಿಯಂಥ ಹಿನ್ನೀರಿನಲ್ಲಿಯೇ ಹೆಚ್ಚು ನಿಲ್ಲುವವರಿಗೆ 8 ಸಾಕು. ತೆರೆದ ಕಡಲಿನ ಅಲೆ ಮತ್ತು ಎದುರುಗಾಳಿಗೆ ಮುಖಮಾಡುವವರಿಗೆ 9 ಒಳ್ಳೆಯದು. ಒಂದೇ ಸೆಟ್ಟಿನಲ್ಲಿ ಎರಡೂ ಕಡೆ ನಿಭಾಯಿಸಬೇಕೆಂದರೆ 9ನ್ನು ಆರಿಸಿಕೊಳ್ಳಿ. ಗಾಳಿಯಿಲ್ಲದ ದಿನ ಈ ಕರಾವಳಿಯಲ್ಲಿ ಅಪರೂಪ. ನದಿಯ ಟ್ರೌಟ್ ಮೀನಿಗೆಂದು ಯಾರಾದರೂ ಕೊಟ್ಟಿರುವ 5ನೇ ಸಂಖ್ಯೆಯ ರಾಡ್ ಮನೆಯಲ್ಲಿದ್ದರೆ ಅದನ್ನು ಇಲ್ಲಿಗೆ ತರಬೇಡಿ. ದೊಡ್ಡ ಫ್ಲೈಯನ್ನು ಅದು ಎಸೆಯಲಾರದು, ದೊಡ್ಡ ಮೀನನ್ನು ತಡೆಯಲಾರದು.

ಲೈನ್: ಜಿಪುಣತನ ಬೇಡವಾದ ಜಾಗ

ಅಗ್ಗದ ರಾಡಿಗೆ ಒಳ್ಳೆಯ ಲೈನ್ ಹಾಕಿದರೆ ಎಸೆತ ಸುಧಾರಿಸುತ್ತದೆ. ದುಬಾರಿ ರಾಡಿಗೆ ಕಳಪೆ ಲೈನ್ ಹಾಕಿದರೆ ರಾಡಿನ ಬೆಲೆಯೆಲ್ಲ ವ್ಯರ್ಥ. ಲೈನಿಗೆಂದು 70ರಿಂದ 90 ಡಾಲರ್ ತೆಗೆದಿಡಿ. ಸೆಟ್ಟಾಗಿ ಬರುವ ರಾಡ್, ರೀಲ್, ಲೈನಿನ ಪೆಟ್ಟಿಗೆಗಳಲ್ಲಿ ತಯಾರಕರು ಉಳಿತಾಯ ಮಾಡುವುದು ಬಹುತೇಕ ಲೈನಿನಲ್ಲಿಯೇ. ಹಾಗಾಗಿ ಸೆಟ್ ಕೊಂಡರೂ ಅದರೊಳಗಿನ ಲೈನ್ ಯಾವುದೆಂದು ಕೇಳಿಯೇ ಕೊಳ್ಳಿ.

ನೀರಿನ ಮೇಲೆ ತೇಲುವ ಲೈನ್, ನಿಧಾನವಾಗಿ ಮುಳುಗುವ ಇಂಟರ್‌ಮೀಡಿಯೆಟ್ ಲೈನ್, ಬೇಗ ಮುಳುಗುವ ಲೈನ್ ಎಂದು ಮೂರು ಬಗೆಗಳಿವೆ. ನ್ಯೂಜೆರ್ಸಿಯ ದಡಕ್ಕೆ ಮೊದಲನೆಯದಾಗಿ ಕೊಳ್ಳಬೇಕಾದ್ದು ಇಂಟರ್‌ಮೀಡಿಯೆಟ್. ಸೆಕೆಂಡಿಗೆ ಒಂದೆರಡು ಇಂಚಿನಷ್ಟು ಇಳಿಯುವ ಈ ಲೈನ್ ಅಲೆಯ ಹೊಯ್ದಾಟದ ಕೆಳಗೆ ನೆಟ್ಟಗೆ ನಿಲ್ಲುವುದರಿಂದ ಮೀನು ಮುಟ್ಟಿದ್ದು ಬೆರಳಿಗೆ ತಕ್ಷಣ ತಿಳಿಯುತ್ತದೆ. ತೇಲುವ ಲೈನಿಗಿಂತ ತೆಳ್ಳಗಿರುವುದರಿಂದ ಗಾಳಿಯನ್ನೂ ಸೀಳುತ್ತದೆ. ಪೂರ್ತಿ ಪಾರದರ್ಶಕವಾದುದನ್ನು ಬಿಟ್ಟು, ಬಣ್ಣವಿರುವುದನ್ನೇ ಆರಿಸಿ. ಮುಸ್ಸಂಜೆಯಲ್ಲಿ ಲೈನ್ ಎಲ್ಲಿ ಗಂಟಾಗಿದೆ ಎಂದು ಕಣ್ಣಿಗೆ ಕಾಣುವುದು ಕಲಿಯುವವರಿಗೆ ದೊಡ್ಡ ಅನುಕೂಲ.

ಇನ್ನೊಂದು ವಿಷಯವನ್ನು ಪೆಟ್ಟಿಗೆಯ ಮೇಲೆ ಓದಿ ತಿಳಿದುಕೊಳ್ಳಬೇಕು. ಉಷ್ಣವಲಯದ ಲೈನುಗಳ ಒಳಗಿನ ಎಳೆ ಬಿಸಿಗೆಂದು ಬಿರುಸಾಗಿ ಮಾಡಿದ್ದು. ಏಪ್ರಿಲ್‌ನ ತಣ್ಣನೆಯ ಅಟ್ಲಾಂಟಿಕ್ ನೀರಿನಲ್ಲಿ ಅದು ತಂತಿಯಂತೆ ಸುರುಳಿಗಟ್ಟುತ್ತದೆ. ಇಲ್ಲಿಗೆ ಬೇಕಾದ್ದು ತಣ್ಣೀರಿಗೆಂದೇ ತಯಾರಾದ ಲೈನ್. ಅದೇ ಲೈನನ್ನು ರಜೆಗೆ ಊರಿಗೆ ಬಂದಾಗ ಅಘನಾಶಿನಿಯ ಅಳಿವೆಗೆ ತಂದರೆ ಬಿಸಿಲಿಗೆ ಮೆತ್ತಗಾಗಿ, ಅಂಟಂಟಾಗಿ, ರಾಡಿನ ಉಂಗುರಗಳಲ್ಲಿ ಜಾರದೆ ನಿಲ್ಲುತ್ತದೆ. ರಾಡ್, ರೀಲ್ ಎರಡೂ ಕಡೆ ನಡೆಯುತ್ತವೆ. ಲೈನ್ ಮಾತ್ರ ಬೇರೆ ಬೇಕು.

ರಾಡ್ ಮತ್ತು ರೀಲ್

9 ಅಡಿ ಉದ್ದದ, ನಾಲ್ಕು ತುಂಡಾಗಿ ಬಿಚ್ಚುವ ಗ್ರ್ಯಾಫೈಟ್ ರಾಡನ್ನು 130ರಿಂದ 170 ಡಾಲರಿನಲ್ಲಿ ಹುಡುಕಿ. ಎಕೋ, ರೆಡಿಂಗ್‌ಟನ್, ಟೆಂಪಲ್ ಫೋರ್ಕ್ ಔಟ್‌ಫಿಟರ್ಸ್ ಈ ದರ್ಜೆಯಲ್ಲಿ ಹೆಸರು ಮಾಡಿವೆ. ಉಪ್ಪುನೀರಿನ ಫ್ಲೈ ಗಾಳವನ್ನು ಅಮೆರಿಕದ ಸಾಮಾನ್ಯ ಜನರಿಗೆ ಕಲಿಸಿದ ಮೇರಿಲ್ಯಾಂಡಿನ ಲೆಫ್ಟಿ ಕ್ರೇ (1925–2018) ತಮ್ಮ ಹೆಸರನ್ನು ಕೊಟ್ಟಿದ್ದು ಟೆಂಪಲ್ ಫೋರ್ಕ್‌ನ ಕೈಗೆಟಕುವ ಬೆಲೆಯ ರಾಡುಗಳಿಗೆ ಎಂಬುದನ್ನು ಇಲ್ಲಿ ನೆನೆಯಬೇಕು. ಹಿಡಿಯ ಕೆಳಗೆ ಹೊಟ್ಟೆಗೆ ಒತ್ತಿಕೊಳ್ಳಲು ಒಂದು ಸಣ್ಣ ಗುಬುಟು ಇದೆಯೇ, ರೀಲ್ ಕೂರುವ ಜಾಗ ತುಕ್ಕು ಹಿಡಿಯದ ಅಲ್ಯೂಮಿನಿಯಮ್ಮಿನದೇ ಎಂದು ನೋಡಿ. ಮುರಿದರೆ ಬದಲಿಸಿಕೊಡುವ ಖಾತರಿಯ ನಿಯಮಗಳನ್ನೂ ಓದಿಕೊಳ್ಳಿ. ಹೊಸಬರ ಕೈಯಲ್ಲಿ ರಾಡ್ ಮುರಿಯುವುದು ಸಹಜ.

ರೀಲಿಗೆ 80ರಿಂದ 100 ಡಾಲರ್ ಸಾಕು ಎನ್ನಲು ಕಾರಣವಿದೆ. ಫ್ಲಾರಿಡಾದ ಬೋನ್‌ಫಿಶ್ ಕೊಕ್ಕೆ ಕಚ್ಚಿದೊಡನೆ ಒಂದೇ ಓಟಕ್ಕೆ ನೂರು ಮೀಟರ್ ಲೈನ್ ಎಳೆದೊಯ್ಯಬಲ್ಲದು. ಅಲ್ಲಿ ರೀಲಿನ ಬ್ರೇಕ್, ಅಂದರೆ ಡ್ರ್ಯಾಗ್, ಅತ್ಯುತ್ತಮವಾಗಿರಲೇಬೇಕು. ದಡದಲ್ಲಿ ಸಿಗುವ ಸ್ಟ್ರೈಪ್ಡ್ ಬಾಸ್ ಬಲವಾಗಿ ಜಗ್ಗುತ್ತದೆ, ಆದರೆ ಅಷ್ಟು ದೂರ ಓಡುವುದು ಅಪರೂಪ. ಉಪ್ಪು ಮತ್ತು ಮರಳು ಒಳಗೆ ನುಗ್ಗದಂತೆ ಮುಚ್ಚಿದ ಡ್ರ್ಯಾಗ್ ಇರಬೇಕು, ಲೈನಿನ ಹಿಂದೆ 20 ಪೌಂಡ್ ಎಳೆತ ತಾಳುವ ಬ್ಯಾಕಿಂಗ್ ಎಂಬ ತೆಳು ದಾರ 150 ಗಜವಾದರೂ ಹಿಡಿಸಬೇಕು. ಇವೆರಡು ಇದ್ದರೆ ಎರಕದ ಅಲ್ಯೂಮಿನಿಯಮ್ ರೀಲೂ ನಡೆಯುತ್ತದೆ. ಲೈನನ್ನು ಅಂಗಡಿಯಲ್ಲಿ ಕೊಂಡರೆ ಬ್ಯಾಕಿಂಗ್ ಸುತ್ತಿ, ಗಂಟು ಹಾಕಿಕೊಡುವ ಕೆಲಸವನ್ನು ಹಲವರು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಎಡಗೈಯಲ್ಲಿ ಸುತ್ತುವಿರೋ ಬಲಗೈಯಲ್ಲೋ ಎಂಬುದನ್ನು ಅದಕ್ಕೂ ಮೊದಲೇ ಹೇಳಿಬಿಡಿ.

ಬಳಸಿದ ಸಾಮಾನು ಕೊಂಡರೆ ಅರ್ಧ ಬೆಲೆಗೆ ಇನ್ನೂ ಮೇಲಿನ ದರ್ಜೆಯದು ಸಿಗಬಹುದು, ಆದರೆ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ರಾಡಿನ ಪ್ರತಿಯೊಂದು ಉಂಗುರದೊಳಗೆ ಹತ್ತಿಯ ಎಳೆಯೊಂದನ್ನು ತೂರಿಸಿ ಸುತ್ತಲೂ ಎಳೆಯಿರಿ. ಹತ್ತಿ ಸಿಕ್ಕಿಕೊಂಡಲ್ಲಿ ಬಿರುಕಿದೆ, ಅದು ಹೊಸ ಲೈನನ್ನು ಕೆಲವೇ ದಿನಗಳಲ್ಲಿ ಕೆರೆದು ಹಾಕುತ್ತದೆ. ತುಂಡುಗಳನ್ನು ಜೋಡಿಸಿ ಮೆಲ್ಲಗೆ ಅಲ್ಲಾಡಿಸಿದಾಗ ಟಿಕ್ ಎಂಬ ಸದ್ದು ಬಂದರೆ ಸಂದು ಸವೆದಿರಬಹುದು. ರೀಲಿನಲ್ಲಿ ಲೈನ್ ಸುತ್ತಿರುವ ಸ್ಪೂಲನ್ನು ಬಿಚ್ಚಿ, ಒಳಗೆ ಸುಣ್ಣದಂಥ ಬಿಳಿ ಪುಡಿ ಕೂತಿದ್ದರೆ ಉಪ್ಪು ಲೋಹವನ್ನು ತಿನ್ನತೊಡಗಿದೆ ಎಂದು ತಿಳಿದು ಬಿಟ್ಟುಬಿಡಿ. ಡ್ರ್ಯಾಗನ್ನು ಅರ್ಧ ಬಿಗಿಮಾಡಿ ಲೈನನ್ನು ನಿಧಾನವಾಗಿ ಎಳೆದಾಗ ಅದು ಜರ್ಕು ಹೊಡೆಯದೆ ಹೊರಡಬೇಕು.

ಲೀಡರ್, ಫ್ಲೈ, ಬುಟ್ಟಿ

ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಲೀಡರನ್ನು ಸಿದ್ಧವಾಗಿ ಕೊಳ್ಳಬೇಕಾಗಿಲ್ಲ. 30 ಪೌಂಡ್ ಮತ್ತು 20 ಪೌಂಡ್ ನೈಲಾನ್ ದಾರದ ತಲಾ ಒಂದು ಉಂಡೆ ತಂದು, ಎರಡನ್ನೂ ಮೂರು ಮೂರು ಅಡಿ ಕತ್ತರಿಸಿ ಸರ್ಜನ್ಸ್ ನಾಟ್ ಎಂಬ ಗಂಟಿನಿಂದ ಜೋಡಿಸಿದರೆ ಇಂಟರ್‌ಮೀಡಿಯೆಟ್ ಲೈನಿಗೆ ಅದೇ ಸರಿಯಾದ ಉದ್ದ. ಬ್ಲೂಫಿಶ್ ಬಂದ ದಿನ ಮಾತ್ರ ತುದಿಗೆ ಗೇಣುದ್ದದ ತಂತಿ ಬೇಕು. ಅದರ ಹಲ್ಲು ನೈಲಾನನ್ನು ಕತ್ತರಿಸುತ್ತದೆ.

ಫ್ಲೈಗಳು ಆರು ಸಾಕು, ಎರಡೇ ಬಗೆ: ಲೆಫ್ಟಿ ಕ್ರೇ ಚೆಸಾಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗೆಂದು ರೂಪಿಸಿದ, 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂದ ಡಿಸೀವರ್ ಮೂರು, ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ರೂಪಿಸಿದ ಕ್ಲೌಸರ್ ಮಿನ್ನೋ ಮೂರು. ಬಿಳಿ, ಮತ್ತು ಬಿಳಿಯೊಂದಿಗೆ ಎಳೆಹಸಿರು ಬಣ್ಣಗಳು ಇಲ್ಲಿನ ಸಣ್ಣ ಮೀನುಗಳನ್ನು ಚೆನ್ನಾಗಿ ಹೋಲುತ್ತವೆ. ಕ್ಲೌಸರ್‌ಗೆ ಲೋಹದ ಭಾರವಾದ ಕಣ್ಣುಗಳಿರುವುದರಿಂದ ಎಳೆದಾಗ ಅದು ಮೇಲೆದ್ದು, ಬಿಟ್ಟಾಗ ತಲೆಕೆಳಗಾಗಿ ಇಳಿಯುತ್ತದೆ. ಅದೇ ಕಣ್ಣು ಗಾಳಿಗೆ ತಿರುಗಿ ರಾಡಿಗೆ ಬಡಿದರೆ ಗ್ರ್ಯಾಫೈಟಿನಲ್ಲಿ ಕಾಣದ ಗಾಯವಾಗಿ, ಮುಂದೆಂದೋ ಅಲ್ಲಿಯೇ ಮುರಿಯುತ್ತದೆ. ಎಸೆತ ಹದಕ್ಕೆ ಬರುವವರೆಗೆ ಡಿಸೀವರ್ ಕಟ್ಟಿಕೊಳ್ಳಿ. ಕಣ್ಣಿಗೆ ಪೋಲರೈಸ್ಡ್ ಕನ್ನಡಕ, ಕೊಕ್ಕೆ ಬಿಡಿಸಲು ಇಕ್ಕಳ ಇಲ್ಲದೆ ಯಾವತ್ತೂ ಹೊರಡಬೇಡಿ.

ಎಳೆದುಕೊಂಡ ಲೈನ್ ಕಾಲಬುಡದ ಅಲೆಗೆ ಸಿಕ್ಕರೆ ಮುಂದಿನ ಎಸೆತ ಕೆಟ್ಟಂತೆಯೇ. ಅದಕ್ಕೆಂದು ಸೊಂಟಕ್ಕೆ ಬುಟ್ಟಿ ಕಟ್ಟಿಕೊಳ್ಳುತ್ತಾರೆ. ಪಾತ್ರೆ ತೊಳೆಯುವ ಚೌಕಾಕಾರದ ಪ್ಲಾಸ್ಟಿಕ್ ಟಬ್ ಒಂದರ ತಳಕ್ಕೆ ಹತ್ತು ಹನ್ನೆರಡು ತೂತು ಕೊರೆದು, ಪ್ರತಿ ತೂತಿನಲ್ಲಿ ಕೇಬಲ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದರ ತುದಿ ಮೂರು ಇಂಚು ಮೇಲಕ್ಕೆ ನಿಲ್ಲುವಂತೆ ಸಿಕ್ಕಿಸಿ. ಲೈನಿನ ಸುರುಳಿಗಳು ಆ ಕಡ್ಡಿಗಳ ನಡುವೆ ಒಂದಕ್ಕೊಂದು ತೊಡರದೆ ಬಿದ್ದಿರುತ್ತವೆ. ಟಬ್ಬಿನ ಬದಿಗಳಿಗೆ ಎಲಾಸ್ಟಿಕ್ ಹಗ್ಗ ಕಟ್ಟಿದರೆ ಬುಟ್ಟಿ ಸಿದ್ಧ. ಅಂಗಡಿಯದರ ಬೆಲೆಯಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಬಳಸಿದ ಮೇಲೆ, ಹೊರಡುವ ಮುನ್ನ

ಮನೆಗೆ ಬಂದೊಡನೆ ರಾಡ್, ರೀಲ್, ಲೈನ್, ಇಕ್ಕಳ ಎಲ್ಲವನ್ನೂ ಸಿಹಿನೀರಿನ ಮೆಲುಧಾರೆಯಲ್ಲಿ ತೊಳೆಯಿರಿ. ಪೈಪಿನ ರಭಸದ ಧಾರೆ ಉಪ್ಪನ್ನು ರೀಲಿನ ಒಳಕ್ಕೆ ತಳ್ಳುತ್ತದೆ. ಡ್ರ್ಯಾಗ್ ಸಡಿಲಿಸಿ, ಪೂರ್ತಿ ಒಣಗಿದ ಮೇಲೆಯೇ ಚೀಲಕ್ಕೆ ಹಾಕಿ.

ಎದೆಮಟ್ಟದ ಜಲನಿರೋಧಕ ವೇಡರ್ ಉಡುಪನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಮೊದಲ ಋತುವಿನಲ್ಲಿ ದಡದ ಮೇಲಿಂದಲೇ ಕಲಿಯಬಹುದು; ನೀರಿಗಿಳಿಯುವುದಾದರೆ ಸೊಂಟಪಟ್ಟಿ ಬಿಗಿಯದೆ ಇಳಿಯಬೇಡಿ. ಪಾಚಿ ಹಿಡಿದ ಕಲ್ಲುಕಟ್ಟೆಗಳನ್ನು ಮುಳ್ಳಿನ ಅಟ್ಟೆಯ ಬೂಟಿಲ್ಲದೆ ಹತ್ತಬೇಡಿ.

ನ್ಯೂಜೆರ್ಸಿಯಲ್ಲಿ 16 ವರ್ಷ ತುಂಬಿದವರು ಉಪ್ಪುನೀರಿನ ಗಾಳಕ್ಕೆ ಪ್ರತಿವರ್ಷ ಹೆಸರು ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. 2023ರಿಂದ ಅಟ್ಲಾಂಟಿಕ್ ತೀರದಲ್ಲಿ 28ರಿಂದ 31 ಇಂಚಿನೊಳಗಿನ ಒಂದು ಸ್ಟ್ರೈಪ್ಡ್ ಬಾಸನ್ನು ಮಾತ್ರ ದಿನಕ್ಕೆ ಇಟ್ಟುಕೊಳ್ಳಬಹುದೆಂಬ ಮಿತಿ ಬಂದಿದೆ, ಮತ್ತು ಹಿನ್ನೀರುಗಳಲ್ಲಿ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಈ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ನಿಯಮಗಳು ಬದಲಾಗುತ್ತಿರುವುದರಿಂದ ಋತುವಿನ ಆರಂಭದಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ವಿಭಾಗದ ಪ್ರಕಟಣೆಯನ್ನು ನೋಡಿಕೊಳ್ಳಿ. ಮಿತಿಯ ಆಚೀಚಿನ ಮೀನನ್ನು ಮರಳಿ ಬಿಡಲೇಬೇಕಾದ್ದರಿಂದ, ಫ್ಲೈ ಕಟ್ಟುವ ಮುನ್ನವೇ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಅಳತೆಯ ಟೇಪನ್ನು ಬುಟ್ಟಿಯ ಅಂಚಿಗೆ ಅಂಟಿಸಿಟ್ಟುಕೊಳ್ಳಿ.