ಶಿಕಾಗೋ ತೋರಿಸುವುದಾದರೆ ನದಿಯಿಂದ ಶುರು ಮಾಡಿ

ಊರಿಂದ ಅಪ್ಪ ಅಮ್ಮ ಬಂದಾಗ ಶಿಕಾಗೋದಲ್ಲಿರುವ ನಾವೆಲ್ಲ ಮಾಡುವುದು ಒಂದೇ. ಬೀನ್ ಅನ್ನುವ ಕನ್ನಡಿಯಂಥ ದೊಡ್ಡ ಶಿಲ್ಪದ ಮುಂದೆ ಫೋಟೋ, ವಿಲ್ಲಿಸ್ ಟವರ್ ಹತ್ತಿ ಇನ್ನೊಂದು ಫೋಟೋ, ಇಂಡಿಯನ್ ಹೋಟೆಲುಗಳಿರುವ ಡೆವಾನ್ ಅವೆನ್ಯೂನಲ್ಲಿ ಊಟ, ವಾಪಸ್ ಮನೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಅವತ್ತು ಶಿಕಾಗೋ ನದಿ ದಾಟುವ ಮಿಷಿಗನ್ ಅವೆನ್ಯೂ ಸೇತುವೆಯ ಮೇಲೆ ಅಪ್ಪ ನಿಂತುಬಿಟ್ಟರು. ಭದ್ರಾ ನಾಲೆಯ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು ಅವರು. ನೀರು ಕಂಡರೆ ನಿಲ್ಲದೆ ಮುಂದೆ ಹೋಗುವವರಲ್ಲ. ಕಂಬಿ ಹಿಡಿದು ಬಗ್ಗಿ ನೋಡಿದರು. "ಅಲ್ಲಮ್ಮಾ, ಸರೋವರ ಆ ಕಡೆ ಇದೆ. ನೀರು ಈ ಕಡೆ ಹೋಗ್ತಿದೆ. ನದಿ ಸರೋವರಕ್ಕೆ ಸೇರಬೇಕು ತಾನೆ?" ಅಂದರು.

ಈ ಊರಿನ ಚರಿತ್ರೆ ಆ ಪ್ರಶ್ನೆಯೊಳಗೇ ಇದೆ. ಆಮೇಲೆ ಬಂದ ಅತ್ತೆ, ಮಾವ, ಚಿಕ್ಕಮ್ಮನ ಮಕ್ಕಳು ಎಲ್ಲರಿಗೂ ನಾನು ಶಿಕಾಗೋವನ್ನು ಅಲ್ಲಿಂದಲೇ ತೋರಿಸುತ್ತೇನೆ. ನೀವೂ ಹಾಗೆ ಮಾಡಿ ನೋಡಿ.

ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಒಂದು ದಿನ ಇಟ್ಟುಕೊಳ್ಳಿ. ಕಾರು ಬೇಡ, ರೈಲಲ್ಲಿ ಬನ್ನಿ. ಅಮ್ಮಂದಿರಿಗೆ ಚಪ್ಪಲಿ ಬಿಡಿಸಿ ಶೂ ಹಾಕಿಸಿ, ಇದರಲ್ಲಿ ಮಾತ್ರ ರಾಜಿ ಆಗಬೇಡಿ. ಸರೋವರದ ಗಾಳಿ ಬೇಸಿಗೆಯಲ್ಲೂ ಚುಚ್ಚುತ್ತದೆ, ಒಂದು ಸ್ವೆಟರ್ ಬ್ಯಾಗಲ್ಲಿರಲಿ.

ಸೇತುವೆಗೆ ಬಂದ ಕೂಡಲೇ ಮೊದಲು ಬಾವುಟ ತೋರಿಸಿ. ಬಿಳಿ ಬಟ್ಟೆ, ಎರಡು ತಿಳಿನೀಲಿ ಪಟ್ಟಿ, ನಾಲ್ಕು ಕೆಂಪು ನಕ್ಷತ್ರ. ಶಿಕಾಗೋದಲ್ಲಿ ಎಲ್ಲಿ ನೋಡಿದರೂ ಇದೇ ಬಾವುಟ. ಪಟ್ಟಿಗಳೆಂದರೆ ನೀರು: ಮಿಷಿಗನ್ ಸರೋವರ, ನದಿಯ ಎರಡು ಕವಲು, ಕಾಲುವೆ. ನಕ್ಷತ್ರಗಳು ನಾಲ್ಕು ಘಟನೆಗಳಿಗೆ: ಡಿಯರ್‌ಬಾರ್ನ್ ಕೋಟೆ, 1871ರ ಬೆಂಕಿ, 1893ರ ಜಾಗತಿಕ ಮೇಳ, 1933ರ ಇನ್ನೊಂದು ಮೇಳ. ಇಷ್ಟು ಹೇಳಿಟ್ಟರೆ ಆ ದಿನ ನೋಡುವುದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಸೇತುವೆಯ ದಕ್ಷಿಣ ತುದಿಯಲ್ಲಿ ಫುಟ್‌ಪಾತ್ ನೋಡಿಕೊಂಡು ನಡೆಯಿರಿ. ಕಾಲಡಿಯಲ್ಲಿ ಹಿತ್ತಾಳೆಯ ಗುರುತುಗಳು ಸಿಗುತ್ತವೆ. 1803ರಲ್ಲಿ ಕಟ್ಟಿದ ಕೋಟೆಯ ಗೋಡೆ ಇದ್ದದ್ದು ಅಲ್ಲೇ. ಉತ್ತರ ತುದಿಯಲ್ಲಿ ಡು ಸಾಬಲ್ ಅವರ ಮುಖದ ವಿಗ್ರಹ ಇದೆ. ಕೋಟೆಗೂ ಮೊದಲೇ ಇಲ್ಲಿ ಮನೆ ಕಟ್ಟಿ ವ್ಯಾಪಾರ ಮಾಡಿದ ಕಪ್ಪು ಮನುಷ್ಯ ಅವರು. ಹೆಂಡತಿ ಕಿಟಿಹಾವಾ ಪೊಟವಾಟಮಿ ಜನಾಂಗದವರು. ಶಿಕಾಗೋ ಅನ್ನುವ ಹೆಸರು ಕೂಡ ಇಲ್ಲಿನ ಮೂಲನಿವಾಸಿಗಳದ್ದೇ, ನದಿ ದಂಡೆಯಲ್ಲಿ ಬೆಳೆಯುತ್ತಿದ್ದ ಕಾಡು ಈರುಳ್ಳಿ ಜಾತಿಯ ಗಿಡದಿಂದ ಬಂದದ್ದು. 1833ರ ಒಪ್ಪಂದದಲ್ಲಿ ಪೊಟವಾಟಮಿಗಳು ನೆಲ ಬಿಟ್ಟುಕೊಟ್ಟು ಪಶ್ಚಿಮಕ್ಕೆ ಹೋಗಬೇಕಾಯಿತು. ಈ ಮಾತನ್ನು ದಯವಿಟ್ಟು ಬಿಡಬೇಡಿ. ಊರು ಖಾಲಿ ಜಾಗದಲ್ಲಿ ಎದ್ದದ್ದಲ್ಲ.

ಈಗ ಅಪ್ಪನ ಪ್ರಶ್ನೆ. ಮೊದಲೆಲ್ಲ ಊರಿನ ಕೊಳಚೆ ನದಿಗೆ, ನದಿ ಸರೋವರಕ್ಕೆ, ಕುಡಿಯುವ ನೀರೂ ಅದೇ ಸರೋವರದ್ದು. ಕಾಲರಾ, ಟೈಫಾಯ್ಡ್ ಬಿಟ್ಟು ಹೋಗಲೇ ಇಲ್ಲ. ಅದಕ್ಕೆ 28 ಮೈಲಿ ಕಾಲುವೆ ತೋಡಿ ನದಿಯನ್ನೇ ಹಿಂದಕ್ಕೆ ತಿರುಗಿಸಿದರು. ನೀರು ಈಗ ಪಶ್ಚಿಮಕ್ಕೆ ಹರಿದು ಕೊನೆಗೆ ಮಿಸಿಸಿಪ್ಪಿ ಸೇರುತ್ತದೆ. ಕೆಳಗಿನ ಮಿಸ್ಸೌರಿ ರಾಜ್ಯ ಸುಮ್ಮನಿರುತ್ತದೆಯೇ? ಕೋರ್ಟಿನಿಂದ ತಡೆಯಾಜ್ಞೆ ಬರುವ ಮೊದಲೇ ಮುಗಿಸಿಬಿಡಬೇಕೆಂದು 1900ರ ಜನವರಿ 2ರ ಕೊರೆಯುವ ಚಳಿಯಲ್ಲಿ, ಬೆಳಿಗ್ಗೆ ಬೆಳಿಗ್ಗೆ, ಯಾರಿಗೂ ಹೇಳದೆ ನೀರು ಬಿಟ್ಟರು. ಕೇಸು ನಡೆದೇ ನಡೆಯಿತು. 1906ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮಿಸ್ಸೌರಿ ಸೋತಿತು. ಕಾವೇರಿ ಜಗಳ ನೋಡುತ್ತಾ ಬೆಳೆದ ನಮ್ಮವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಅಪ್ಪ ಮಾತ್ರ ನೀರಿನಿಂದ ಕಣ್ಣು ತೆಗೆಯದೆ "ಮಟ್ಟ ಎಷ್ಟು ಕೊಟ್ಟಿರಬಹುದು?" ಅಂತ ತಮ್ಮಷ್ಟಕ್ಕೇ ಲೆಕ್ಕ ಹಾಕುತ್ತಿದ್ದರು.

ಅಲ್ಲಿಂದ ಉತ್ತರಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ವಾಟರ್ ಟವರ್. 1869ರ ಸುಣ್ಣದಕಲ್ಲಿನ ಗೋಪುರ, ಸುತ್ತ ದೊಡ್ಡ ದೊಡ್ಡ ಅಂಗಡಿಗಳು. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿದ ಬೆಂಕಿ ಇಲ್ಲಿಯವರೆಗೂ ಬಂದಿತ್ತು. ಸುಮಾರು 300 ಜನ ಸತ್ತರು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಗೋಪುರ ಉಳಿಯಿತು. ಓಲಿಯರಿ ಎಂಬಾಕೆಯ ಹಸು ಲಾಟೀನು ಒದ್ದದ್ದೇ ಕಾರಣ ಅಂತ ಇವತ್ತಿಗೂ ಮಕ್ಕಳಿಗೆ ಹೇಳುತ್ತಾರೆ. ನೀವು ಹೇಳಬೇಡಿ. ಬೆಂಕಿ ಅವರ ಕೊಟ್ಟಿಗೆಯ ಹತ್ತಿರ ಶುರುವಾದದ್ದು ನಿಜ. ಆದರೆ ಬಡ ಐರಿಷ್ ಹೆಂಗಸಿನ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು. 1997ರಲ್ಲಿ ನಗರಸಭೆಯೇ ಆಕೆಯದು ತಪ್ಪಿಲ್ಲ ಎಂದಿತು, ಅಷ್ಟು ಹೊತ್ತಿಗೆ ಆಕೆ ಸತ್ತು ನೂರು ವರ್ಷ ದಾಟಿತ್ತು.

ಬಸ್ ಹಿಡಿದು ದಕ್ಷಿಣಕ್ಕೆ ಬಂದು ಆರ್ಟ್ ಇನ್‌ಸ್ಟಿಟ್ಯೂಟ್ ಮುಂದೆ ಇಳಿಯಿರಿ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಈ ಕಟ್ಟಡದಲ್ಲೇ. ಅವತ್ತಿನ ಹಾಲ್ ಈಗಿಲ್ಲ, ಕಟ್ಟಡ ಇದೆ. ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. 1894ರಲ್ಲಿ ಶಿಕಾಗೋದಿಂದ ಮಹಾರಾಜರಿಗೆ ಕಾಗದ ಬರೆದರು. ನಮ್ಮವರೆಲ್ಲ ಇಲ್ಲಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ. ಅವಸರ ಮಾಡಬೇಡಿ, ಬುತ್ತಿಯನ್ನೂ ಇಲ್ಲೇ ಹತ್ತಿರದ ಪಾರ್ಕಿನಲ್ಲಿ ಬಿಚ್ಚಬಹುದು. ಪಾರ್ಕಿನ ನೆಲದಡಿ ಇರುವುದರಲ್ಲಿ ಬೆಂಕಿಯಲ್ಲಿ ಸುಟ್ಟ ಊರಿನ ಅವಶೇಷವೂ ಸೇರಿದೆ. ಅದನ್ನೆಲ್ಲ ತಂದು ಸರೋವರಕ್ಕೆ ಸುರಿದು ಜಾಗ ಮಾಡಿದರು.

ಊಟ ಆದಮೇಲೆ ಮೊನಾಡ್ನಾಕ್ ಕಟ್ಟಡ. ಡಿಯರ್‌ಬಾರ್ನ್ ಮತ್ತು ಜ್ಯಾಕ್ಸನ್ ರಸ್ತೆಗಳು ಸೇರುವಲ್ಲಿದೆ. ಟೂರಿಸ್ಟರು ಇದನ್ನು ದಾಟಿ ಹೋಗಿಬಿಡುತ್ತಾರೆ, ನನಗೆ ಮಾತ್ರ ಇಡೀ ಶಿಕಾಗೋದಲ್ಲಿ ಇದೇ ಹೆಚ್ಚು ಇಷ್ಟ. ಉತ್ತರದ ಅರ್ಧ 1891ರದ್ದು. 16 ಮಹಡಿಯ ಭಾರವನ್ನು ಹೊರಗಿನ ಇಟ್ಟಿಗೆ ಗೋಡೆಗಳೇ ಹೊತ್ತಿವೆ. ಕೆಳಗೆ ಗೋಡೆ ಆರು ಅಡಿ ದಪ್ಪ. ಕಿಟಕಿಯ ಪಕ್ಕ ನಿಂತು ಕೈ ಚಾಚಿ, ನಿಮ್ಮ ಪೂರ್ತಿ ತೋಳು ಗೋಡೆಯ ದಪ್ಪದಲ್ಲೇ ಮುಗಿದುಹೋಗುತ್ತದೆ. ಎರಡೇ ವರ್ಷದ ನಂತರ ಸೇರಿಸಿದ ದಕ್ಷಿಣದ ಅರ್ಧಕ್ಕೆ ಉಕ್ಕಿನ ಚೌಕಟ್ಟು, ಗೋಡೆ ತೆಳ್ಳಗೆ. ಅಪ್ಪ ಬೆರಳ ಗೆಣ್ಣಿನಿಂದ ಎರಡು ಕಡೆಯೂ ತಟ್ಟಿ ನೋಡಿದರು.

ಸಂಜೆಗೆ ಕಾಲು ನೋವಿಲ್ಲದಿದ್ದರೆ ಇನ್ನೆರಡು ಜಾಗ. ಪಿಂಕ್ ಲೈನ್ ರೈಲಲ್ಲಿ 18ನೇ ರಸ್ತೆಗೆ ಹೋದರೆ ಪಿಲ್ಸನ್. ಅಲ್ಲಿನ ಹಳೆ ಮನೆಗಳ ಅಂಗಳ ರಸ್ತೆಗಿಂತ ಒಂದಾಳು ಕೆಳಗಿರುತ್ತದೆ, ಬಾಗಿಲಿಗೆ ಪುಟ್ಟ ಸೇತುವೆ. ಕೆಸರಲ್ಲಿ ಮುಳುಗುತ್ತಿದ್ದ ಊರಿಗೆ ಚರಂಡಿ ಹಾಕಲೆಂದು ರಸ್ತೆಗಳನ್ನೇ ಎತ್ತರಿಸಿದ್ದರ ಗುರುತು ಅದು. ಊರ ಮಧ್ಯದಲ್ಲಿ ಆಗಲೇ ಇದ್ದ ಕಟ್ಟಡಗಳನ್ನು ಜ್ಯಾಕ್ ಕೊಟ್ಟು ಎತ್ತಿದರು. ಒಳಗೆ ಅಂಗಡಿ ವ್ಯಾಪಾರ ನಡೆದೇ ಇತ್ತು.

ಇನ್ನೊಂದು ಕಿಂಗ್ ಡ್ರೈವ್ ಮತ್ತು 26ನೇ ರಸ್ತೆಯ ಹತ್ತಿರ, 3ನೇ ನಂಬರ್ ಬಸ್ ಹೋಗುತ್ತದೆ. ದಕ್ಷಿಣದ ರಾಜ್ಯಗಳಿಂದ ಗುಳೆ ಎದ್ದು ಬಂದ ಲಕ್ಷಾಂತರ ಕಪ್ಪು ಜನರ ನೆನಪಿಗೆ ನಿಲ್ಲಿಸಿದ ಕಂಚಿನ ಮನುಷ್ಯ. ಕೈಯಲ್ಲಿ ಹಗ್ಗ ಕಟ್ಟಿದ ಸೂಟ್‌ಕೇಸ್, ಮುಖ ಉತ್ತರಕ್ಕೆ. ದೂರದಿಂದ ಕೋಟು ಹಾಕಿದ್ದಾನೆ ಅನಿಸುತ್ತದೆ. ಹತ್ತಿರ ಹೋಗಿ ನೋಡಿ, ಆ ಕೋಟು ಪೂರ್ತಿ ಸವೆದ ಶೂ ಅಟ್ಟೆಗಳದ್ದು. ಅಮ್ಮ ಒಂದೊಂದೇ ಅಟ್ಟೆ ಮುಟ್ಟಿ ನೋಡಿ, "ಎಷ್ಟು ದೂರ ನಡೆದಿದ್ದಾರಪ್ಪಾ" ಅಂದರು. ವಾಪಸ್ ಬರಲು ಎದುರು ಬದಿಯಲ್ಲಿ ಅದೇ ಬಸ್ ಹತ್ತಿ.