ಸಂಕ್ರಾಂತಿ ಕಳೆಯಿತು, ಕತ್ತರಿ ಎಲ್ಲಿದೆ?

ಎದುರು ಮನೆಯ ಹುಡುಗಿ ಹೋದ ವರ್ಷ ಏಪ್ರಿಲ್‌ನಲ್ಲಿ ಬಂದು, "ಆಂಟಿ, ನಿಮ್ಮ ಮಲ್ಲಿಗೆ ಗಿಡದಲ್ಲಿ ಇಷ್ಟೊಂದು ಮೊಗ್ಗು, ನಮ್ಮದರಲ್ಲಿ ಬರೀ ಎಲೆ, ನಿಮ್ಮದು ಯಾವ ತಳಿ?" ಅಂತ ಕೇಳಿದಳು. ತಳಿ ಅಂತೆ! ಅವಳ ಗಿಡ ನನ್ನ ಗಿಡದ ಕಡ್ಡಿಯಿಂದಲೇ ಆಗಿದ್ದು. ನಾನೇ ಮಳೆಗಾಲದಲ್ಲಿ ಊರಿ, ಬೇರು ಬಂದ ಮೇಲೆ ಕೊಟ್ಟಿದ್ದು. ಜನವರಿ ಪೂರ್ತಿ ಅವಳು ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೀರು ಸುರಿಯುವುದನ್ನು ನಮ್ಮ ಜಗುಲಿಯಿಂದ ನೋಡುತ್ತಲೇ ಇದ್ದೆ. ಎರಡು ಸಲ ಹೇಳಿದೆ ಕೂಡ. "ಪಾಪ, ಒಣಗುತ್ತೆ ಆಂಟಿ" ಅಂದಳು. ಸರಿ ತಾಯಿ ಅಂತ ಸುಮ್ಮನಾದೆ. ಈ ಸಲ ಸುಮ್ಮನಿರುವುದಿಲ್ಲ, ಬರೆದೇ ಬಿಡುತ್ತೇನೆ.

ನೀವೆಲ್ಲ ತೋಟದ ನೆನಪು ಮಾಡಿಕೊಳ್ಳುವುದು ಯುಗಾದಿ ಹತ್ತಿರ ಬಂದಾಗ. ನರ್ಸರಿಗೆ ಹೋಗಿ ಹೂ ಬಿಟ್ಟ ಗಿಡವನ್ನೇ ಆರಿಸಿ ತರುತ್ತೀರಿ, ಜೊತೆಗೆ ಒಂದು ಇಟ್ಟಿಗೆ ಕೋಕೋಪೀಟ್, ಅದೇ ತೆಂಗಿನ ನಾರಿನ ಪುಡಿ, ಬೇರೆ. ಮಾರ್ಚ್ ಬಿಸಿಲಿಗೆ ಅದು ಎಂಟು ದಿನದಲ್ಲಿ ತಲೆ ಬಾಗಿಸುತ್ತದೆ. ಆಗ "ನಮ್ಮ ಕೈ ಗುಣ ಸರಿ ಇಲ್ಲ" ಅನ್ನುವುದು. ಕೈ ಸರಿಯಾಗಿಯೇ ಇದೆ, ಕ್ಯಾಲೆಂಡರ್ ನೋಡುವುದಿಲ್ಲ ಅಷ್ಟೇ. ಬೇಸಿಗೆಯ ತೋಟದ ಕೆಲಸ ಚಳಿ ಇರುವಾಗಲೇ ಆಗಬೇಕು. ನಮ್ಮ ಮೈಸೂರಲ್ಲಿ ಅದು ಸಂಕ್ರಾಂತಿಯಿಂದ ಶಿವರಾತ್ರಿಯ ತನಕ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತೆ ಅಲ್ವಾ, ಅಷ್ಟರೊಳಗೆ ಗಿಡ ಸಿದ್ಧವಾಗಿರಬೇಕು.

ಮಲ್ಲಿಗೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಕೆಡಿಸುವುದು ಅದನ್ನೇ. ನಾನು ಹೇಳುತ್ತಿರುವುದು ದುಂಡು ಮಲ್ಲಿಗೆ. ಕಾಕಡ ಮಲ್ಲಿಗೆಯನ್ನು ಈಗ ಮುಟ್ಟಬೇಡಿ, ಅದು ಚಳಿಯಲ್ಲಿ ಹೂ ಬಿಡುವ ಗಿಡ, ಹೂ ಮುಗಿದ ಮೇಲೆ ನೋಡಿಕೊಳ್ಳೋಣ.

ಮೊದಲು ನೀರು ನಿಲ್ಲಿಸಿ. ಕಡಿಮೆ ಮಾಡುವುದಲ್ಲ, ಪೂರ್ತಿ ನಿಲ್ಲಿಸುವುದು. ಧನುರ್ಮಾಸದ ಕೊನೆಗೆ ನಾನು ನಿಲ್ಲಿಸಿಬಿಡುತ್ತೇನೆ. ನೆಲದಲ್ಲಿರುವ ಗಿಡಕ್ಕೆ ಹತ್ತು ಹದಿನೈದು ದಿನ ಬೇಕು, ಕುಂಡದ್ದಾದರೆ ಐದಾರು ದಿನ ಸಾಕು, ಅದರಲ್ಲಿ ಮಣ್ಣೆಷ್ಟಿರುತ್ತೆ ಹೇಳಿ. ಆದರೆ ದಿನ ಎಣಿಸಬೇಡಿ, ಎಲೆ ನೋಡಿ. ಮೊದಲು ಎಲೆಯ ಹೊಳಪು ಹೋಗುತ್ತದೆ. ಆಮೇಲೆ ಮಧ್ಯಾಹ್ನ ಬಾಡಿ, ಬೆಳಿಗ್ಗೆ ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತದೆ. ಆ ಹಂತಕ್ಕೆ ಮೋಸ ಹೋಗಬೇಡಿ. ಬೆಳಿಗ್ಗೆ ಎದ್ದು ನೋಡಿದಾಗಲೂ ಎಲೆ ಹಳೇ ಬಟ್ಟೆಯ ಹಾಗೆ ಜೋತುಬಿದ್ದಿದ್ದರೆ, ಆವತ್ತು ಕತ್ತರಿ ಹುಡುಕಿ. ಎಲೆ ಒಣಗಿ ಕೈಯಲ್ಲಿ ಪುಡಿಯಾಗುವ ತನಕ ಕಾಯಬಾರದು, ಅದು ಅತಿಯಾಯಿತು.

ಇನ್ನು ಎಲೆ ಬಿಡಿಸುವುದು. ಇದನ್ನು ಯಾರೂ ಮಾಡುವುದಿಲ್ಲ, ನೇರ ಕತ್ತರಿಗೇ ಕೈ ಹಾಕುತ್ತಾರೆ. ಒಂದು ಮಣೆ ಹಾಕಿಕೊಂಡು ಗಿಡದ ಮುಂದೆ ಕೂತುಕೊಳ್ಳಿ. ಎಡಗೈಯಲ್ಲಿ ಕೊಂಬೆಯ ತುದಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಲ್ಲಿ ಒಂದೊಂದು ಎಲೆಯನ್ನೂ ಬುಡದಿಂದ ಚಿವುಟಿ. ಒಂದೇ ಎಳೆತಕ್ಕೆ ಸರ್ರನೆ ಬಿಡಿಸಿದರೆ ಸಿಪ್ಪೆಯೂ ಕಿತ್ತು ಬರುತ್ತದೆ, ಮೊಗ್ಗು ಬರುವ ಕಣ್ಣೂ ಹೋಗುತ್ತದೆ. ಎಲೆ ಇದ್ದ ಜಾಗದಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಒಂದು ಉಬ್ಬು ಇರುತ್ತದೆ, ಬೆರಳಿಗೆ ಸಿಗುತ್ತದೆ, ಅದೇ ಕಣ್ಣು. ಹೊಸ ಚಿಗುರು ಹೊರಡುವುದು ಅಲ್ಲಿಂದ, ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಗೆ. ಹಳೇ ಕಡ್ಡಿಯನ್ನು ಹಾಗೇ ಬಿಟ್ಟುಕೊಂಡು ಹೂ ಹೂ ಅಂದರೆ ಎಲ್ಲಿಂದ ಬರಬೇಕು? ಒಂದು ಗಿಡಕ್ಕೆ ನನಗೆ ಒಂದು ಗಂಟೆ ಹಿಡಿಯುತ್ತದೆ. ಫೋನ್ ಕೈಯಲ್ಲಿಟ್ಟುಕೊಂಡು ಮಾಡುವ ಕೆಲಸವಲ್ಲ ಇದು.

ಎಲೆ ಹೋದ ಮೇಲೆ ಗಿಡದ ಒಳಗಿನ ಗೋಜಲೆಲ್ಲ ಕಾಣುತ್ತದೆ. ಒಣಗಿದ್ದು, ಪೆನ್ಸಿಲ್‌ಗಿಂತ ಸಣಕಲಾಗಿರುವುದು, ಒಂದರ ಮೇಲೊಂದು ಉಜ್ಜುತ್ತಿರುವುದು, ಬುಡದಿಂದ ಉದ್ದಕ್ಕೆ ಎದ್ದು ಬಳ್ಳಿಯ ಹಾಗೆ ಓಡಿರುವುದು, ಇಷ್ಟನ್ನೂ ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳನ್ನು ನೆಲದಿಂದ ಒಂದು ಮೊಳ ಬಿಟ್ಟು, ಗೆಣ್ಣಿನ ಮೇಲಕ್ಕೆ ಸ್ವಲ್ಪ ಜಾಗ ಬಿಟ್ಟು ಓರೆಯಾಗಿ ಕತ್ತರಿಸಿ. ದಪ್ಪ ಕೊಂಬೆ ಕತ್ತರಿಸಿದ ಕಡೆ ಒಂದಿಷ್ಟು ಅರಿಶಿನ ಕಲಸಿ ಮೆತ್ತುತ್ತೇನೆ, ನಮ್ಮತ್ತೆ ಮೆತ್ತುತ್ತಿದ್ದರು, ನಾನೂ ಮೆತ್ತುತ್ತೇನೆ.

ಕತ್ತರಿ ಹರಿತ ಇರಬೇಕು ಅಂತ ಬೇರೆ ಹೇಳಬೇಕಾ? ನನ್ನ ಅಳಿಯ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ತಂದು ಕೊಂಬೆಯನ್ನು ಜಜ್ಜಿಟ್ಟಿದ್ದ. ಜಜ್ಜಿದ ಕಡೆಯಿಂದ ಕೊಂಬೆ ಕೆಳಕ್ಕೆ ಒಣಗುತ್ತಾ ಬರುತ್ತದೆ. ಹರಿತ ಅಂದಾಗ ನೆನಪಾಯಿತು, ಈಳಿಗೆಮಣೆಯನ್ನು ರಾತ್ರಿಯಿಡೀ ಸಿಂಕಿನಲ್ಲಿ ನೀರಲ್ಲಿ ಬಿಡುವ ಅಭ್ಯಾಸ ಯಾರು ಕಲಿಸಿದರೋ ನಿಮಗೆ. ತರಕಾರಿ ಹೆಚ್ಚಿದ ತಕ್ಷಣ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಅಲಗಿಗೆ ಒಂದು ತೊಟ್ಟು ಎಣ್ಣೆ ಸವರಿ ನಿಲ್ಲಿಸಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಗಿಡದ ಕತ್ತರಿಗೂ ಅಷ್ಟೇ.

ಕತ್ತರಿಸಿದ ದಿನವೇ ನೀರು ಹಾಕಬೇಡಿ. ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಮಣ್ಣು ಸಡಿಲಿಸಿ, ಎರಡು ದಿನ ಬಿಸಿಲು ಬೀಳಲಿ. ಸಣ್ಣ ಬೇರು ನಾಲ್ಕು ತುಂಡಾದರೆ ಪ್ರಾಣ ಹೋಗುವುದಿಲ್ಲ. ಮೂರನೇ ದಿನ ಹಳೇ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಒಂದು ಹಿಡಿ, ಸೌದೆ ಒಲೆಯ ಬೂದಿ ಸಿಕ್ಕರೆ ಅದೂ ಒಂದು ಹಿಡಿ ಹಾಕಿ ಮುಚ್ಚಿ. ಹಳೇ ಗೊಬ್ಬರ ಅಂದರೆ ಕೈಯಲ್ಲಿ ತೆಗೆದುಕೊಂಡರೆ ಕಾಫಿ ಪುಡಿಯ ಹಾಗಿರಬೇಕು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ತಂದು ಬುಡಕ್ಕೆ ಮೆತ್ತುತ್ತಾರೆ ಕೆಲವರು, ಅದರ ಶಾಖಕ್ಕೆ ಬೇರು ಸುಡುತ್ತದೆ. ಯೂರಿಯಾ ಅಂತೂ ಬೇಡವೇ ಬೇಡ, ಎಲೆ ಮೊಗೆಮೊಗೆದು ಬರುತ್ತದೆ, ಹೂ ಬರುವುದಿಲ್ಲ. ಆಮೇಲೆ ಪಾತಿ ತುಂಬಾ ನೀರು. ಇಷ್ಟು ದಿನ ಬಾಯಾರಿದ ಗಿಡ, ಆ ನೀರು ಕುಡಿಯುವುದು ಕಿವಿಗೆ ಕೇಳಿಸುತ್ತದೆ, ಒಣ ಮಣ್ಣಿನಿಂದ ಚುರ್ ಚುರ್ ಅಂತ ಗುಳ್ಳೆ ಏಳುತ್ತದೆ. ಎರಡು ಮೂರು ವಾರಕ್ಕೆ ಚಿಗುರು ಕಾಣುತ್ತದೆ, ಸುಮಾರು ಎರಡು ತಿಂಗಳಿಗೆ ಮೊಗ್ಗು. ಲೆಕ್ಕ ಹಾಕಿ ನೋಡಿ, ಯುಗಾದಿಯ ಸುತ್ತಮುತ್ತ ಮುಡಿಗೆ ಬರುತ್ತದೆ. ರಥಸಪ್ತಮಿ ದಾಟಿದ ಮೇಲೆ ನೆನಪಾದವರು ಈ ವರ್ಷ ಒಣಕಡ್ಡಿ ಮಾತ್ರ ತೆಗೆದು ಸುಮ್ಮನಿರಿ.

ನಾನು ಮದುವೆಯಾಗಿ ಈ ಮನೆಗೆ ಬಂದಿದ್ದು 1974ರಲ್ಲಿ. ಹಿತ್ತಲಲ್ಲಿ ಬಾವಿಯ ಪಕ್ಕ ಮೂರು ಮಲ್ಲಿಗೆ ಗಿಡ ಇದ್ದವು. ಆ ಜನವರಿ ನಮ್ಮತ್ತೆ ಬಾವಿಕಟ್ಟೆಯ ಪಕ್ಕದಲ್ಲೇ ಗಿಡಗಳನ್ನು ಬಾಯಾರಿಸಿ ನಿಲ್ಲಿಸಿದ್ದರು. ನನಗೋ ಹೊಸದು, ಎಲ್ಲದಕ್ಕೂ ಅಳು ಬರುವ ಕಾಲ. ರಾತ್ರಿ ಪಾತ್ರೆ ತೊಳೆಯಲು ಹೋದಾಗ ಕೊನೆಯ ಗಿಡಕ್ಕೆ ಒಂದೊಂದು ಚೊಂಬು ನೀರು ಹಾಕಿ ಬರುತ್ತಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಮೂರಕ್ಕೂ ಒಂದೇ ದಿನ ಎಲೆ ಬಿಡಿಸಿ ಕತ್ತರಿ ಹಾಕಿದರು. ಯುಗಾದಿ ಕಳೆದ ಮೇಲೆ ಎರಡು ಗಿಡದಲ್ಲಿ ದಿನಾ ಸಂಜೆ ಒಂದು ಮೊರ ಮೊಗ್ಗು, ಮೂರನೆಯದರಲ್ಲಿ ಸೊಂಟದೆತ್ತರ ಹಸಿರು, ಹುಡುಕಿದರೆ ಹತ್ತು ಮೊಗ್ಗು. ಬಾಳೆನಾರು ನೆನೆಸಿಟ್ಟುಕೊಂಡು ಹೂ ಕಟ್ಟುತ್ತಾ ಅತ್ತೆ, "ನಿನ್ನ ಗಿಡದ ಹೂವನ್ನು ನೀನೇ ಮುಡಿದುಕೋ" ಅಂದರು. ಆ ವರ್ಷ ಮೂರು ಮೊಗ್ಗು ಮುಡಿದುಕೊಂಡು ಓಡಾಡಿದ್ದೇನೆ ನಾನು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಕರಿಬೇವನ್ನು ಸೊಂಟದ ಎತ್ತರಕ್ಕೆ ಮುರಿದುಬಿಡಿ, ಚಳಿಗೆ ಎಲೆಯೆಲ್ಲ ಚುಕ್ಕೆ ಬಿದ್ದು ಉದುರುತ್ತಿರುತ್ತದೆ, ಅದಕ್ಕೆ ಯಾಕೆ ಮುದ್ದು. ಬುಡಕ್ಕೆ ವಾರಕ್ಕೊಮ್ಮೆ ಹುಳಿ ಮಜ್ಜಿಗೆ ನೀರು ಮಾಡಿ ಹಾಕಿ, ಉಪ್ಪು ಹಾಕಿದ ಮಜ್ಜಿಗೆಯಲ್ಲ ಮತ್ತೆ! ಮಾವಿನ ಮರ ಇದ್ದವರು, ಹೂ ತುಂಬಿಕೊಂಡಿರುವಾಗ ಪಾತಿಗೆ ನೀರು ಬಿಡಬೇಡಿ, ಹೀಚು ಬಟಾಣಿ ಗಾತ್ರ ಆದ ಮೇಲೆ ಬಿಡಿ. ದಾಸವಾಳದ ತುದಿಗೆ ಬಿಳಿ ಹಿಟ್ಟು ಮೆತ್ತಿದ ಹಾಗೆ ಕಂಡರೆ ಆ ತುದಿಯನ್ನೇ ಚಿವುಟಿ ದೂರ ಹಾಕಿ, ಉಳಿದದ್ದಕ್ಕೆ ಸ್ವಲ್ಪ ಸೋಪಿನ ನೀರಲ್ಲಿ ಬೇವಿನೆಣ್ಣೆ ಕದಡಿ ಸಂಜೆ ಹೊಡೆಯಿರಿ. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಗೆ ಈಗಲೇ ಒಟ್ಲು, ಅಂದರೆ ಸಸಿಮಡಿ, ಹಾಕಬಹುದು, ಇರುವೆ ಬೀಜ ಹೊತ್ತುಕೊಂಡು ಹೋಗದ ಹಾಗೆ ಸುತ್ತ ಬೂದಿ ಉದುರಿಸಿ. ಬೆಂಡೆ, ಹೀರೆ, ಸೌತೆಗೆ ಮಾತ್ರ ಆತುರ ಬೇಡ. ಮಣ್ಣು ತಣ್ಣಗಿದ್ದರೆ ಬೀಜ ಮೊಳೆಯುವ ಬದಲು ಕೊಳೆಯುತ್ತದೆ, ರಾತ್ರಿ ಹೊದಿಕೆ ಒದೆಯುವ ಹಾಗಾದ ಮೇಲೆ ಹಾಕಿ.

ಮತ್ತೆ ಆ ಒಣ ಎಲೆ ಗುಡಿಸಿ ಬೆಂಕಿ ಹಾಕುವುದು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೇ ಹೊಗೆ. ಅದೇ ಎಲೆಯನ್ನು ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೆ ಏಪ್ರಿಲ್‌ನಲ್ಲಿ ಅರ್ಧ ನೀರು ಉಳಿಯುತ್ತದೆ. ಗೆದ್ದಲು ಬರುತ್ತೆ ಅಂತೀರಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ದೂರ ಬಿಟ್ಟು ಹರಡಿ.

ಈ ವರ್ಷ ಎದುರು ಮನೆಯವಳು ಒಪ್ಪಿದ್ದಾಳೆ. ನಿನ್ನೆ ಇಬ್ಬರೂ ಕೂತು ಅವಳ ಗಿಡದ ಎಲೆ ಬಿಡಿಸಿದೆವು, ಈಗ ಬರೀ ಕಡ್ಡಿ ನಿಂತಿದೆ. "ಸತ್ತೋಗಲ್ಲ ಅಲ್ವಾ ಆಂಟಿ?" ಅಂತ ಮೂರು ಸಲ ಕೇಳಿದಳು. ನೀರು ಹಾಕಲು ಇನ್ನೂ ಎರಡು ದಿನ ಇದೆ. ಅವಳ ಮುಖ ನೋಡಿದರೆ ನನಗೆ ನಂಬಿಕೆ ಬರಲಿಲ್ಲ, ಅವಳ ಮನೆಯ ಪೈಪನ್ನು ಸುತ್ತಿ ತಂದು ನಮ್ಮ ಜಗುಲಿಯ ಮೇಲಿಟ್ಟುಕೊಂಡಿದ್ದೇನೆ.